ಹೊಟ್ಟೆನೋವಿನ ಹಿಂದೆ ಅಡಗಿರುವ ಸೀಸ

ಉಲ್ಹಾಸನಗರ: 2014ರ ನವೆಂಬರ್ ಕೊನೆಯ ಆ ರಾತ್ರಿಯನ್ನು ಇಲ್ಲಿನ ಹಳೆಯ ನಿವಾಸಿಗಳು ಇನ್ನೂ ಮರೆತಿಲ್ಲ. ವಾಲ್ಧುನಿ ನದಿಗೆ ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯ ಸುರಿಯಲಾಗಿತ್ತು. ಬೆಳಗಾಗುವಷ್ಟರಲ್ಲಿ ದಡದ ವಸತಿಗಳ ನೂರಾರು ಮಂದಿ ಕೆಮ್ಮು, ವಾಂತಿ, ಕಣ್ಣುರಿಯಿಂದ ನರಳುತ್ತ ಆಸ್ಪತ್ರೆ ಸೇರಿದರು. ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅದೇ ಸುದ್ದಿ. ಗಾಳಿಯಲ್ಲಿ ಬರುವ ವಿಷ ಹೀಗೆ ಗದ್ದಲ ಮಾಡಿಕೊಂಡೇ ಬರುತ್ತದೆ. ಸದ್ದಿಲ್ಲದೆ, ವರ್ಷಗಟ್ಟಲೆ ಕೂಡಿಕೊಳ್ಳುತ್ತ ಬರುವ ವಿಷ ಇನ್ನೊಂದಿದೆ. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಇವೆಲ್ಲವನ್ನೂ ಒಟ್ಟಾಗಿ ಭಾರಲೋಹಗಳೆಂದು ಕರೆಯುತ್ತಾರೆ. ಇವು ಮೈಸೇರಿದವನು ಆಸ್ಪತ್ರೆಗೆ ಓಡುವುದಿಲ್ಲ. ಹೊಟ್ಟೆನೋವು ಎಂದು ಹತ್ತಿರದ ಡಾಕ್ಟರ ಬಳಿ ಹೋಗಿ, ಗ್ಯಾಸಿನ ಮಾತ್ರೆ ತಂದು ನುಂಗಿ, ಮರುದಿನ ಅದೇ ಕೆಲಸಕ್ಕೆ ಹೋಗುತ್ತಾನೆ.

ಉಲ್ಹಾಸನಗರ, ಅಂಬರನಾಥ, ಕಲ್ಯಾಣ್, ಡೊಂಬಿವಲಿ ಪರಿಸರದಲ್ಲಿ ನೆಲೆಸಿದ ಕನ್ನಡಿಗರಿಗೆ ಕಾರ್ಖಾನೆಯ ಹೊಗೆ, ಬಣ್ಣದ ನೀರು ಹೊಸತೇನಲ್ಲ. ಸುಮಾರು ಸಾವಿರ ವರ್ಷಗಳ ಹಿಂದಿನ, ಕ್ರಿ.ಶ. 1060ರ ಅಂಬರನಾಥದ ಶಿವಾಲಯಕ್ಕೆ ಹೋದವರೆಲ್ಲ ಪಕ್ಕದಲ್ಲೇ ಹರಿಯುವ ವಾಲ್ಧುನಿಯ ಬಣ್ಣವನ್ನೂ ವಾಸನೆಯನ್ನೂ ಬಲ್ಲರು. ಆಚೆ ಟಿಟ್ವಾಲಾ ಕಡೆಯ ಕಾಳು ನದಿಯಲ್ಲಿ ಪಾದರಸ ಸೇರುತ್ತಿದೆ ಎಂಬ ಮಾತು ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 1982ರಲ್ಲಿ ಹೊರತಂದ ಮೊದಲ ನಾಗರಿಕ ವರದಿಯ ಕಾಲದಷ್ಟು ಹಳೆಯದು. ಉಲ್ಹಾಸ್ ಮತ್ತು ವಾಲ್ಧುನಿ ನದಿಗಳ ಮಾಲಿನ್ಯದ ವಿರುದ್ಧ ವನಶಕ್ತಿ ಸಂಸ್ಥೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2015ರಲ್ಲಿ ನ್ಯಾಯಮಂಡಳಿ ನಗರಪಾಲಿಕೆಗಳಿಗೂ ತ್ಯಾಜ್ಯ ಶುದ್ಧೀಕರಣ ಘಟಕಗಳಿಗೂ ದೊಡ್ಡ ಮೊತ್ತದ ದಂಡ ವಿಧಿಸಿದ್ದೂ ಹಲವರಿಗೆ ನೆನಪಿರಬಹುದು.

ಹಾಗೆಂದು ನಲ್ಲಿಯ ನೀರು ಕುಡಿದವರೆಲ್ಲ ವಿಷ ಕುಡಿದರು ಎಂದು ಗಾಬರಿ ಬೀಳಬೇಕಾಗಿಲ್ಲ. ಮನೆಗೆ ಬರುವುದು ಶುದ್ಧೀಕರಿಸಿದ ನೀರು, ವಾಲ್ಧುನಿಯ ನೀರಲ್ಲ. ನಗರವಾಸಿಗಳಲ್ಲಿ ಹೆಚ್ಚಿನವರಿಗೆ ಸೀಸ ತಗಲುವುದು ನದಿಯಿಂದಲ್ಲ, ಮಾಡುವ ಕೆಲಸದಿಂದ ಮತ್ತು ಮನೆಯೊಳಗಿನ ಸಾಮಾನಿನಿಂದ. ನದಿಯ ಬಗ್ಗೆ ಮೆರವಣಿಗೆ ತೆಗೆಯಲು ಜನ ಸಿಗುತ್ತಾರೆ. ಅಂಗಡಿಯ ಬ್ಯಾಟರಿ, ಗೋಡೆಯ ಬಣ್ಣ, ಡಬ್ಬದ ಅರಿಶಿನದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ.

ಖಾತೆಯೂ ಠೇವಣಿಯೂ

ವಾಹನಗಳ ಹಳೆಯ ಬ್ಯಾಟರಿ ಬಿಚ್ಚಿ ಸೀಸದ ತಗಡು ತೆಗೆಯುವವರು, ಸೀಸ ಕರಗಿಸುವವರು, ಟಿ.ವಿ. ಮತ್ತು ಮೊಬೈಲ್ ರಿಪೇರಿಯಲ್ಲಿ ದಿನವಿಡೀ ಬೆಸುಗೆ ಹಾಕುವವರು, ಹಳೆಯ ಬಣ್ಣ ಕೆರೆದು ಹೊಸ ಬಣ್ಣ ಬಳಿಯುವವರು, ಗುಜರಿ ವ್ಯಾಪಾರದವರು ಸೀಸದ ನೇರ ಸಂಪರ್ಕಕ್ಕೆ ಬರುವವರು. ಧೂಳು ಮತ್ತು ಹೊಗೆ ಉಸಿರಿನಲ್ಲಿ ಹೋಗುತ್ತದೆ. ಕೈ ತೊಳೆಯದೆ ತಿಂದ ವಡಾಪಾವ್, ಅಂಗೈಯಲ್ಲಿ ತಿಕ್ಕಿದ ತಂಬಾಕು, ಬೆರಳ ಸಂದಿಯ ಬೀಡಿ ಇವುಗಳ ಜೊತೆ ಹೊಟ್ಟೆಗೂ ಇಳಿಯುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿ ಕ್ಯಾಡ್ಮಿಯಂ ಬೇರೆ ಇದೆ. ಅದು ಮೂತ್ರಪಿಂಡದಲ್ಲಿ ದಶಕಗಳ ಕಾಲ ಉಳಿಯುವ ಲೋಹ.

ಮೈಸೇರಿದ ಸೀಸದ ಲೆಕ್ಕ ಬ್ಯಾಂಕಿನ ಲೆಕ್ಕದ ಹಾಗೆಯೇ. ರಕ್ತದಲ್ಲಿರುವ ಸೀಸ ಉಳಿತಾಯ ಖಾತೆಯ ಹಣದಂತೆ. ಹೊಸದಾಗಿ ಸೇರುವುದು ನಿಂತರೆ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಮೂಳೆಗೆ ಹೋಗಿ ಕೂತದ್ದು ದೀರ್ಘಾವಧಿ ಠೇವಣಿ. ಸೀಸವನ್ನು ದೇಹ ಸುಣ್ಣದಂಶವೆಂದೇ ತಪ್ಪು ತಿಳಿದು ಮೂಳೆಯಲ್ಲಿ ಜಮಾ ಮಾಡಿಕೊಳ್ಳುತ್ತದೆ. ಅಲ್ಲಿ ಹತ್ತು, ಇಪ್ಪತ್ತು ವರ್ಷ, ಇನ್ನೂ ಹೆಚ್ಚು ಕಾಲ ಅದು ಉಳಿಯಬಲ್ಲದು. ಗರ್ಭಿಣಿಯ ದೇಹ ಮಗುವಿಗಾಗಿ ಮೂಳೆಯಿಂದ ಸುಣ್ಣದಂಶ ಸೆಳೆಯುವಾಗ ಈ ಹಳೆಯ ಠೇವಣಿಯೂ ಬಿಡುಗಡೆಯಾಗಿ ಹೊಟ್ಟೆಯಲ್ಲಿರುವ ಕೂಸಿಗೆ ತಲುಪುತ್ತದೆ. ಮದುವೆಗೆ ಮುಂಚೆ ಕೆಲಸ ಮಾಡಿದ್ದ ಹೆಣ್ಣುಮಗಳು ಆಮೇಲೆ ಕೆಲಸ ಬಿಟ್ಟಿದ್ದರೂ ಲೆಕ್ಕ ಮುಗಿದಿರುವುದಿಲ್ಲ.

ಸೀಸದ ಲಕ್ಷಣಗಳಲ್ಲಿ ಒಂದೂ ಅದರ ಸ್ವಂತದ್ದಲ್ಲ, ತೊಂದರೆಯಿರುವುದೇ ಇಲ್ಲಿ. ಹಿಂಡಿದಂತೆ ಬಂದು ಹೋಗುವ ಹೊಟ್ಟೆನೋವು, ಮಲಬದ್ಧತೆ, ಸುಸ್ತು, ಗಂಟುನೋವು, ತಲೆನೋವು, ರಕ್ತಹೀನತೆ, ಏರಿದ ರಕ್ತದೊತ್ತಡ, ನಿದ್ದೆಗೇಡು, ಸಿಡುಕು. ಇವಕ್ಕೆಲ್ಲ ಬೇರೆ ನೂರು ಕಾರಣಗಳುಂಟು. ಸೀಸದ ಹೊಟ್ಟೆನೋವನ್ನು ಅಪೆಂಡಿಸೈಟಿಸ್ ಎಂದು ತಿಳಿದು ಹೊಟ್ಟೆ ಕುಯ್ದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿ ದಾಖಲಾಗಿವೆ. ರಕ್ತ ಕಡಿಮೆ ಇದೆಯೆಂದು ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಏರದಿದ್ದಾಗ ಅನುಮಾನ ಬರಬೇಕು. ಕೆಲವರ ಒಸಡಿನ ಅಂಚಿನಲ್ಲಿ ನೀಲಿಕಪ್ಪು ಗೆರೆ ಕಾಣಿಸುತ್ತದೆ. ವಿಷ ಬಹಳ ಏರಿದಾಗ ಮಣಿಕಟ್ಟು ಜೋತುಬಿದ್ದು ಕೈ ಎತ್ತಲಾಗದ ಸ್ಥಿತಿಯೂ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಬೇಡ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ನುಂಗಿದ ಸೀಸದಲ್ಲಿ ದೊಡ್ಡವರ ಕರುಳು ಹತ್ತರಲ್ಲೊಂದು ಪಾಲನ್ನು ಹೀರಿಕೊಂಡರೆ ಪುಟ್ಟ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ಬೆಳೆಯುತ್ತಿರುವ ಮೆದುಳಿಗೆ ತಗಲಿದ ಪೆಟ್ಟು ಆಮೇಲೆ ತುಂಬಿ ಬರುವುದಿಲ್ಲ. ಕಲಿಕೆ ಹಿಂದೆ ಬೀಳುತ್ತದೆ, ಗಮನ ನಿಲ್ಲುವುದಿಲ್ಲ, ಹಠ ಹೆಚ್ಚುತ್ತದೆ. ಮಾಸ್ತರು ದಡ್ಡ ಎನ್ನುತ್ತಾರೆ, ಮನೆಯವರು ತಂಟೆಕೋರ ಎಂದು ಎರಡು ಬಿಗಿಯುತ್ತಾರೆ. ತಂದೆಯ ಅಂಗಿಯ ಮೇಲಿನ ಧೂಳು ಮಗುವಿನ ಬಾಯಿಗೆ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದೇ ಕೋಣೆಯ ಚಾಳಿನಲ್ಲಿ ಕೆಲಸದ ಬಟ್ಟೆ ತೂಗುಹಾಕುವ ಗೂಟದ ಕೆಳಗೇ ಮಗುವಿನ ಹಾಸಿಗೆ ಇರುತ್ತದೆ.

ಬೆಂಗಳೂರಿನಿಂದ ಎದ್ದ ಕೂಗು

ಈ ವಿಷಯದಲ್ಲಿ ದೇಶವನ್ನು ಎಚ್ಚರಿಸಿದ್ದು ಕರ್ನಾಟಕವೇ ಎಂಬುದು ಹೊರನಾಡ ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಅವರೂ ಅಬ್ರಹಾಂ ಜಾರ್ಜ್ ಅವರು ಸ್ಥಾಪಿಸಿದ ಜಾರ್ಜ್ ಫೌಂಡೇಶನ್ನೂ ಸೇರಿ ಬೆಂಗಳೂರು, ಮುಂಬಯಿ, ಚೆನ್ನೈ, ದಿಲ್ಲಿ, ಕಲ್ಕತ್ತಾ, ಹೈದರಾಬಾದ್ ಮುಂತಾದ ನಗರಗಳಲ್ಲಿ ಸುಮಾರು 22 ಸಾವಿರ ಜನರ ರಕ್ತ ಪರೀಕ್ಷಿಸಿದರು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಆ ಕಾಲದಲ್ಲಿ ಅಪಾಯದ ಗೆರೆಯೆಂದು ಎಣಿಸಿದ್ದು ಅದನ್ನೇ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮುಂದಿನ ವರ್ಷ, ಅಂದರೆ 2000ದ ಫೆಬ್ರವರಿ 1ರಿಂದ, ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂತು. ಮುಂಬಯಿ ಸೇರಿ ನಾಲ್ಕು ಮಹಾನಗರಗಳಲ್ಲಿ 1995ರಲ್ಲೇ ಇದರ ಮಾರಾಟ ಶುರುವಾಗಿತ್ತು. ಸೀಸದ ವಿಷಕ್ಕೆಂದೇ ರಾಷ್ಟ್ರೀಯ ಪರಾಮರ್ಶನ ಕೇಂದ್ರವೊಂದು ಬೆಂಗಳೂರಿನಲ್ಲಿ ಹುಟ್ಟಿಕೊಂಡಿತು. ವೆಂಕಟೇಶ್ ಅವರಿಗೆ 'ಭಾರತದ ಸೀಸದ ಮನುಷ್ಯ' ಎಂಬ ಹೆಸರೇ ಬಿತ್ತು.

ಪೆಟ್ರೋಲಿನಿಂದ ಸೀಸ ಹೋದ ಮೇಲೆ ನಗರದ ಮಕ್ಕಳ ರಕ್ತದಲ್ಲಿ ಅದು ಇಳಿದದ್ದು ನಿಜ. ಆದರೆ ಗೆರೆಯೂ ಕೆಳಗಿಳಿಯಿತು. ಎಷ್ಟು ಕಡಿಮೆಯಿದ್ದರೆ ಸುರಕ್ಷಿತ ಎಂಬ ಪ್ರಶ್ನೆಗೆ ಈಗಿನ ವೈದ್ಯವಿಜ್ಞಾನ ಕೊಡುವ ಉತ್ತರ, ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 5 ಮೈಕ್ರೋಗ್ರಾಂ ಕಂಡರೆ ಸಾಕು, ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಲ್ಲಿ ಈ 5ರ ಗೆರೆ ದಾಟಿದ ಮಕ್ಕಳು ಜಗತ್ತಿನಲ್ಲಿ 80 ಕೋಟಿ, ಭಾರತವೊಂದರಲ್ಲೇ 27 ಕೋಟಿಗೂ ಹೆಚ್ಚು. ಪೆಟ್ರೋಲು ಹೋದರೂ ಬ್ಯಾಟರಿ ಬಂತು, ಅಷ್ಟೇ ವ್ಯತ್ಯಾಸ.

ಮನೆಯೊಳಗೆ ಒಂದು ಸುತ್ತು

ಮನೆಯ ಗೋಡೆ, ಕಿಟಕಿ, ತೊಟ್ಟಿಲುಗಳ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಮುಂಚೆ ಬಳಿದ ಹೊಳಪಿನ ಎನಾಮೆಲ್ ಬಣ್ಣ ಹಳೆಯ ಚಾಳುಗಳ ಬಾಗಿಲು, ಗ್ರಿಲ್ಲುಗಳಲ್ಲಿ ಇನ್ನೂ ಇದೆ. ಗಣೇಶ ಚೌತಿಗೋ ದೀಪಾವಳಿಗೋ ಅದನ್ನು ಒಣದಾಗಿ ಮರಳುಕಾಗದದಲ್ಲಿ ಉಜ್ಜಿದರೆ ಎದ್ದ ಧೂಳು ವಾರಗಟ್ಟಲೆ ಮನೆಯಲ್ಲಿ ಸುತ್ತಾಡುತ್ತದೆ. ಒದ್ದೆ ಮಾಡಿ ಉಜ್ಜಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ಅಂದು ಬೇರೆ ಮನೆಗೆ ಕಳಿಸಬೇಕು, ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಅಡುಗೆಮನೆಗೆ ಬಂದರೆ ಮೊದಲು ಅರಿಶಿನ. ಬೇರಿಗೆ ಮೆರುಗು ಬರಲೆಂದು ಸೀಸದ ಕ್ರೋಮೇಟ್ ಎಂಬ ಕಡು ಹಳದಿ ಬಣ್ಣ ಲೇಪಿಸುವ ಕೆಟ್ಟ ಚಾಳಿ ನಮ್ಮ ಉಪಖಂಡದಲ್ಲಿದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಸಂಶೋಧಕರು ಇದನ್ನು ಬಯಲಿಗೆಳೆದರು. ಅಲ್ಲಿನ ಸರಕಾರ ಮಾರುಕಟ್ಟೆಗೆ ನುಗ್ಗಿ ದಂಡ ಹಾಕಿದ್ದರಿಂದ ಎರಡೇ ವರ್ಷದಲ್ಲಿ ಕಲಬೆರಕೆ ಹೆಚ್ಚುಕಡಿಮೆ ನಿಂತುಹೋಯಿತು. ಹೀಗಾಗಿ ಮನಸ್ಸು ಮಾಡಿದರೆ ಆಗದ ಕೆಲಸವೇನೂ ಅಲ್ಲ. ಬಿಡಿಯಾಗಿ ಮಾರುವ, ಕಣ್ಣು ಕುಕ್ಕುವಷ್ಟು ಹಳದಿಯಾದ ಪುಡಿಯನ್ನು ಬಿಟ್ಟು ಪರೀಕ್ಷೆಯ ಮುದ್ರೆ ಇರುವ ಪೊಟ್ಟಣ ಕೊಳ್ಳುವುದು ಲೇಸು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರದಲ್ಲಿ ಸೀಸ ಬೆರೆಸುವವರಿದ್ದಾರೆ. ಅಂಥ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಸೀಸ ಸಾರಿಗಿಳಿಯುತ್ತದೆ. ಅಗ್ಗದ ಸಿಂಧೂರ, ಮಕ್ಕಳು ಚೀಪುವ ಅಗ್ಗದ ಇಮಿಟೇಶನ್ ಸರ, ಬಳೆಗಳೂ ಇದೇ ಸಾಲಿಗೆ ಸೇರಿದವು. ಇನ್ನು ರೈಲು ಹಳಿಯ ಬದಿಯಲ್ಲಿ ಚರಂಡಿ ನೀರಿಗೆ ಬೆಳೆದ ಪಾಲಕ್, ಹರಿವೆಗಳನ್ನು ಲೋಕಲಿನ ಕಿಟಕಿಯಿಂದ ವರ್ಷಾನುಗಟ್ಟಲೆ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ. ಸೊಪ್ಪು ನೀರಿನ ಲೋಹವನ್ನು ಎಲೆಗೆ ಏರಿಸಿಕೊಳ್ಳುತ್ತದೆ. ಅದು ತೊಳೆದರೂ ಹೋಗುವುದಿಲ್ಲ.

ಹೆಣ್ಣುಮಕ್ಕಳು ಇರುವ ಮನೆಯಲ್ಲಿ ಇನ್ನೊಂದು ಡಬ್ಬಿಯನ್ನೂ ನೋಡಬೇಕು. ಚರ್ಮ ಬೆಳ್ಳಗಾಗಿಸುವ ಕ್ರೀಮಿನಲ್ಲಿ ಪಾದರಸ ಬೆರೆಸುತ್ತಾರೆ. ಹಾಕಿದ ಕೆಲವೇ ವಾರದಲ್ಲಿ ಮುಖ ಹೊಳೆಯುತ್ತದೆ, ಆಮೇಲೆ ಮೂತ್ರಪಿಂಡ ಸೋರತೊಡಗುತ್ತದೆ. ಮಹಾರಾಷ್ಟ್ರದ ಅಕೋಲಾದ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಒಂದೇ ಕ್ರೀಮು ಬಳಸಿ ಮೂವರೂ ಮೂತ್ರಪಿಂಡದ ಕಾಯಿಲೆಗೆ ತುತ್ತಾದರು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು ಕ್ರೀಮಿನಲ್ಲಿ ವಿಪರೀತ ಪಾದರಸವಿರುವುದನ್ನು ಪತ್ತೆ ಹಚ್ಚಿದ್ದು 2023ರಲ್ಲಿ ಸುದ್ದಿಯಾಯಿತು. ಅದೇ ಕಾಲದಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲೂ ವೈದ್ಯರು ಇಂಥದೇ ರೋಗಿಗಳ ಸಾಲನ್ನು ಕಂಡರು. ಅವರಲ್ಲಿ ಹಲವರಿಗೆ ಕ್ರೀಮು ನಿಲ್ಲಿಸಿದ್ದೇ ಮುಖ್ಯ ಚಿಕಿತ್ಸೆಯಾಯಿತು. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೆ ಊತ, ಕಾಲಿನ ಬಾವು ಕಂಡರೆ ಡಾಕ್ಟರ ಮುಂದೆ ಆ ಡಬ್ಬಿಯನ್ನೂ ಇಡಬೇಕು. ತಯಾರಕರ ವಿಳಾಸವಿಲ್ಲದ ಅಥವಾ ಗಲ್ಫಿನಿಂದ ಬಂದವರು ಕೊಟ್ಟ ಡಬ್ಬಿಯಾದರಂತೂ ಮರೆಯಬಾರದು.

ಸುರಪುರದ ತಾಂಡಾದ ನೀರು

ಥಾಣೆ, ನವಿಮುಂಬಯಿಯ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ಯಾದಗಿರಿ, ಕಲಬುರಗಿ ಕಡೆಯ ಬಂಧುಗಳಿಗೆ ಇನ್ನೊಂದು ಮಾತು ಗೊತ್ತಿರಬೇಕು. ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲುಗಳಲ್ಲಿ ಆಣಿಯಂಥ ಗಂಟು, ಎದೆ ಬೆನ್ನಿನ ಮೇಲೆ ಮಳೆಹನಿ ಬಿದ್ದಂಥ ಕಪ್ಪು ಬಿಳಿ ಚುಕ್ಕೆ ಕಾಣಿಸಿಕೊಂಡಿತ್ತು. ಕೆಲವರಿಗೆ ಅದು ಚರ್ಮದ ಕ್ಯಾನ್ಸರೂ ಆಯಿತು. ಕಾರಣ ಬೋರ್‌ವೆಲ್ ನೀರಿನ ಆರ್ಸೆನಿಕ್. ಇದು ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿಯ ಪ್ರದೇಶ (ನಮ್ಮ ಕರಾವಳಿಯ ಮಂಗಳೂರಲ್ಲ, ಅದೇ ಹೆಸರಿನ ಬೇರೆ ಊರು). ಚಿನ್ನವಿರುವ ಬಂಡೆಯಲ್ಲೇ ಆರ್ಸೆನಿಕ್ ಖನಿಜವೂ ಇರುವುದರಿಂದ ಅದು ಅಂತರ್ಜಲಕ್ಕೆ ಇಳಿದಿದೆ. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಾಂಡಾದಲ್ಲಿ ಪರೀಕ್ಷಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಈ ಚರ್ಮದ ಗುರುತುಗಳಿದ್ದವು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಲ್ಲಿನ ಕೆಲವು ಬಾವಿಗಳಲ್ಲಿ ಅದರ ಹಲವು ಪಟ್ಟು ಇತ್ತು. ಇಂಥ ದೀರ್ಘಕಾಲದ ಆರ್ಸೆನಿಕ್ ಕಾಯಿಲೆಗೆ ನಂಬಬಹುದಾದ ಔಷಧವಿಲ್ಲ. ನೀರು ಬದಲಿಸುವುದು, ಒಳ್ಳೆಯ ಆಹಾರ, ಗಂಟು ಮೆತ್ತಗಾಗುವ ಮುಲಾಮು, ಕ್ಯಾನ್ಸರಿಗಾಗಿ ಆಗಾಗ ಚರ್ಮ ತಪಾಸಣೆ, ಇಷ್ಟೇ. ವರ್ಷಗಳ ಹಿಂದೆ ಊರು ಬಿಟ್ಟು ಬಂದವರಿಗೂ ಇದು ಆಮೇಲೆ ಕಾಣಿಸಬಹುದು. ಇಲ್ಲಿನ ಡಾಕ್ಟರಿಗೆ ಊರಿನ ಹೆಸರು ಹೇಳಿದರೆ ತಾನೇ ಅವರಿಗೆ ಹೊಳೆಯುವುದು?

ಏಡಿಯ ಹಿಡಿತ

ಹಾಗಾದರೆ ಚಿಕಿತ್ಸೆ? ಮೊದಲ ಚಿಕಿತ್ಸೆ ಮೂಲದಿಂದ ದೂರ ಸರಿಯುವುದು. ಇದನ್ನು ಬಿಟ್ಟು ಮಾತ್ರೆ ತೆಗೆದುಕೊಂಡರೆ ತಳ ತೂತಾದ ದೋಣಿಯ ನೀರು ಚೆಲ್ಲಿದ ಹಾಗೆ. ಎಷ್ಟೋ ಮಂದಿಗೆ ಕೆಲಸದ ರೀತಿ ಬದಲಿಸಿ, ಕೈ ತೊಳೆದು, ಬಟ್ಟೆ ಬದಲಿಸಿ, ಹೊಟ್ಟೆ ತುಂಬ ತಿಂದರೆ ರಕ್ತದ ಅಂಕಿ ತಾನಾಗಿಯೇ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಿಕೊಳ್ಳುತ್ತದೆ, ಕಬ್ಬಿಣದಂಶ, ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಬೆಳಿಗ್ಗೆ ಬರೇ ಚಹಾ ಕುಡಿದು ಕೆಲಸಕ್ಕೆ ಓಡುವ ನಮ್ಮ ಅಭ್ಯಾಸ ಒಳ್ಳೆಯದಲ್ಲ. ರಾಗಿ ಅಂಬಲಿ, ನುಗ್ಗೆ ಸೊಪ್ಪು, ಬೇಳೆ, ಲಿಂಬೆಹಣ್ಣು ಇವೆಲ್ಲ ಔಷಧ ಅಂಗಡಿಯ ಹೊರಗಿನ ರಕ್ಷಣೆ.

ಪ್ರಮಾಣ ಬಹಳ ಏರಿದ್ದರೆ ಕೀಲೇಶನ್ ಎಂಬ ಚಿಕಿತ್ಸೆಯಿದೆ. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಗಾಲಿನ ಹೆಸರಿನಿಂದ ಬಂದ ಪದವಿದು. ಗದ್ದೆಯಂಚಿನಲ್ಲಿ ಏಡಿ ಹಿಡಿದು ಬೆಳೆದ ಕರಾವಳಿಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಔಷಧ ಎರಡೂ ಕಡೆಯಿಂದ ಲೋಹವನ್ನು ಕಚ್ಚಿ ಹಿಡಿದು ಮೂತ್ರದ ಮೂಲಕ ಹೊರಗೆ ಒಯ್ಯುತ್ತದೆ. ಇವುಗಳಲ್ಲಿ ಮೊದಲನೆಯದಾದ ಡೈಮರ್ಕಾಪ್ರಾಲ್ ಎರಡನೇ ಮಹಾಯುದ್ಧದಲ್ಲಿ ಆರ್ಸೆನಿಕ್ ಇರುವ ವಿಷಾನಿಲಕ್ಕೆ ಮದ್ದಾಗಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿತು. ಅದನ್ನು ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿ ಸೂಜಿಯಲ್ಲಿ ಕೊಡುತ್ತಾರಾದ್ದರಿಂದ ಕಡಲೆಕಾಯಿ ಒಗ್ಗದವರು ಮೊದಲೇ ಹೇಳಬೇಕು. ಬಾಯಿಗೆ ಕೊಡುವ ಡಿಎಂಎಸ್‌ಎ, ಪೆನಿಸಿಲಮೈನ್, ರಕ್ತನಾಳಕ್ಕೆ ಕೊಡುವ ಕ್ಯಾಲ್ಸಿಯಂ ಇಡಿಟಿಎ ಉಳಿದವು. ಹತ್ತು ವರ್ಷದವರೆಗಿನ ಮಕ್ಕಳಿಗೆ ಸೀಸ 45 ಮೈಕ್ರೋಗ್ರಾಂ ತಲುಪಿದರೆ ಈ ಚಿಕಿತ್ಸೆ ಕೊಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದೊಡ್ಡವರಲ್ಲಿ ಅಂಕಿಯನ್ನೂ ಲಕ್ಷಣಗಳನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಒಂದು ಸುತ್ತು ಔಷಧ ಮುಗಿದ ಮೇಲೆ ಮೂಳೆಯ ಠೇವಣಿ ರಕ್ತಕ್ಕೆ ಬಂದು ಅಂಕಿ ಮತ್ತೆ ಮೇಲೇರುವುದುಂಟು. ಔಷಧ ಕೆಲಸ ಮಾಡಲಿಲ್ಲವೆಂದು ಆಗ ಡಾಕ್ಟರನ್ನು ಬದಲಿಸುವ ಅಗತ್ಯವಿಲ್ಲ, ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಬೇಕು.

ಈ ಔಷಧಗಳು ನಿರುಪದ್ರವಿಗಳಲ್ಲ. ಲೋಹದೊಡನೆ ದೇಹಕ್ಕೆ ಬೇಕಾದ ಸತು, ತಾಮ್ರವನ್ನೂ ಎಳೆದೊಯ್ಯಬಲ್ಲವು, ಮೂತ್ರಪಿಂಡ, ರಕ್ತಕಣಗಳ ಮೇಲೆ ಕಣ್ಣಿಡಬೇಕಾಗುತ್ತದೆ. ಹೆಸರಿನ ಒಂದು ಪದ ತಪ್ಪಿದರೂ ಪ್ರಾಣಕ್ಕೆ ಕುತ್ತು. ಅಮೆರಿಕದಲ್ಲಿ 2003ರಿಂದ 2005ರೊಳಗೆ ಇಡಿಟಿಎ ಚಿಕಿತ್ಸೆ ಪಡೆದ ಇಬ್ಬರು ಮಕ್ಕಳೂ ಒಬ್ಬ ಮಹಿಳೆಯೂ ರಕ್ತದ ಕ್ಯಾಲ್ಸಿಯಂ ಥಟ್ಟನೆ ಕುಸಿದು ತೀರಿಕೊಂಡರು. ಕ್ಯಾಲ್ಸಿಯಂ ಇಡಿಟಿಎ ಬದಲು ಹೆಸರಿನಲ್ಲಿ ಹೋಲುವ ಡೈಸೋಡಿಯಂ ಇಡಿಟಿಎ ಕೊಟ್ಟರೆ ಆಗುವುದು ಹೀಗೆಯೇ. ಆ ಮಕ್ಕಳಲ್ಲಿ ಒಬ್ಬನಿಗೆ ಕೊಟ್ಟದ್ದು ಆಟಿಸಂ ಎಂದು. ಅದಕ್ಕೆ ಈ ಚಿಕಿತ್ಸೆ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಆಧಾರವಿಲ್ಲ.

ಬೈಪಾಸ್ ಇಲ್ಲದೆ ಹೃದಯದ ರಕ್ತನಾಳ ತೊಳೆದುಕೊಡುತ್ತೇವೆ ಎಂಬ ಜಾಹೀರಾತುಗಳಿಗೆ ಮನಸೋತು ಇದೇ ಇಡಿಟಿಎ ಬಾಟಲಿಗಳನ್ನು ಏರಿಸಿಕೊಂಡು ಕೈ ಬರಿದು ಮಾಡಿಕೊಂಡವರು ಹೊಟೇಲ್ ಉದ್ಯಮದ ನಮ್ಮವರಲ್ಲೂ ಕಡಿಮೆಯಿಲ್ಲ. 2013ರಲ್ಲಿ ಅಮೆರಿಕದ ಅಧ್ಯಯನವೊಂದು ಅಲ್ಪ ಪ್ರಯೋಜನ ಕಂಡಂತಿದೆ ಎಂದಾಗ ಇಂಥವರಿಗೆ ಆಸೆ ಚಿಗುರಿತ್ತು. ಹೃದಯಾಘಾತವಾಗಿದ್ದ ಮಧುಮೇಹಿಗಳ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಎರಡನೇ ಅಧ್ಯಯನದಲ್ಲಿ ರಕ್ತದ ಸೀಸ ಅರ್ಧಕ್ಕಿಂತ ಹೆಚ್ಚು ಇಳಿದರೂ ಹೃದಯಕ್ಕೆ ಲಾಭವಾಗಲಿಲ್ಲ.

ಭಸ್ಮ, ರಸೌಷಧಗಳ ಮಾತು ಬಂದಾಗ ಕೆಲವರಿಗೆ ಸಿಟ್ಟು ಬರುತ್ತದೆ. ಆಯುರ್ವೇದವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಮೆರಿಕದ ಬೋಸ್ಟನ್ ನಗರದ ಅಂಗಡಿಗಳಲ್ಲಿ ಕೊಂಡ 70 ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಸಿಕ್ಕಿತು. 56ರಲ್ಲಿ ಸಿಗಲಿಲ್ಲ ಎಂಬುದನ್ನೂ ಓದಬೇಕು. ಲೇಬಲ್ಲಿಲ್ಲದ ಪೊಟ್ಟಣದಲ್ಲಿ, ಸಂಧಿವಾತಕ್ಕೋ ಸಕ್ಕರೆ ಕಾಯಿಲೆಗೋ ತಿಂಗಳುಗಟ್ಟಲೆ ನುಂಗುವ ಕಪ್ಪು ಗುಳಿಗೆಯ ಬಗ್ಗೆ ಪ್ರಶ್ನೆ ಕೇಳುವ ಹಕ್ಕು ರೋಗಿಗಿದೆ.

ಪರೀಕ್ಷೆಗೆ ಹೋಗುವ ಮುನ್ನ

ಸೀಸಕ್ಕೆ ರಕ್ತನಾಳದಿಂದ ತೆಗೆದ ರಕ್ತವೇ ಆಗಬೇಕು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ಬೆರೆತು ಸುಳ್ಳು ಅಂಕಿ ಬರಬಹುದು. ಉಪನಗರಗಳ ದೊಡ್ಡ ಲ್ಯಾಬುಗಳು ರಕ್ತ ತೆಗೆದುಕೊಂಡು ತಮ್ಮ ಮುಖ್ಯ ಪ್ರಯೋಗಾಲಯಕ್ಕೆ ಕಳಿಸುತ್ತವೆ, ವರದಿಗೆ ಕೆಲವು ದಿನ ಹಿಡಿಯುತ್ತದೆ. ಕೂದಲು ಪರೀಕ್ಷಿಸಿ ಎಲ್ಲ ಲೋಹಗಳ ಪಟ್ಟಿ ಕೊಡುವವರನ್ನು, ಮೊದಲು ಔಷಧ ಕುಡಿಸಿ ಆಮೇಲೆ ಮೂತ್ರ ಅಳೆದು 'ನೋಡಿ ಎಷ್ಟಿದೆ' ಎನ್ನುವವರನ್ನು ನಂಬಬಾರದು. ಔಷಧ ಕುಡಿಸಿದರೆ ಯಾರ ಮೂತ್ರದಲ್ಲೂ ಅಂಕಿ ಏರುತ್ತದೆ. ಆರ್ಸೆನಿಕ್ಕಿಗೆ ಮೂತ್ರ ಪರೀಕ್ಷೆ. ಅದಕ್ಕೆ ಮುಂಚೆ ಮೂರು ನಾಲ್ಕು ದಿನ ಮೀನು, ಸಿಗಡಿ, ಏಡಿ, ಮರುವಾಯಿ ಬಿಡಬೇಕು. ಸಮುದ್ರದ ಆಹಾರದಲ್ಲಿ ನಿರಪಾಯಕಾರಿ ಬಗೆಯ ಆರ್ಸೆನಿಕ್ ಇರುವುದರಿಂದ ಭಾನುವಾರ ಬಂಗುಡೆ ಪುಳಿಮುಂಚಿ ಉಂಡು ಸೋಮವಾರ ಮೂತ್ರ ಕೊಟ್ಟವರ ವರದಿ ನೋಡಿ ಮನೆಯವರೆಲ್ಲ ಹೆದರುವ ಪ್ರಸಂಗ ಬರಬಹುದು. ಪಾದರಸದ ಭಯಕ್ಕೆ ಮೀನನ್ನೇ ಬಿಡಬೇಕಿಲ್ಲ. ಶಾರ್ಕಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಅದು ಹೆಚ್ಚು, ಬೂತಾಯಿಯಂಥ ಸಣ್ಣ ಮೀನುಗಳಲ್ಲಿ ತೀರ ಕಡಿಮೆ.

ಕೆಲಸದಿಂದ ಸೀಸದ ವಿಷ ತಗಲಿದರೆ ಅದು ಕಾರ್ಮಿಕನ ಹಣೆಬರಹವಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲೇ ವೈದ್ಯರು ಸರಕಾರಕ್ಕೆ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಿತ್ತು, ಆ ಪಟ್ಟಿ ಆರಂಭವಾಗುವುದೇ ಸೀಸದಿಂದ. ಇಎಸ್‌ಐ ಕಾರ್ಡು ಇರುವವರು ಮಾಡುವ ಕೆಲಸವನ್ನು ಕೇಸ್ ಪೇಪರಿನಲ್ಲಿ ಬರೆಸಿಕೊಳ್ಳಬೇಕು. ಬರಹದಲ್ಲಿ ಇಲ್ಲದ್ದು ನಾಳೆ ಪರಿಹಾರ ಕೇಳುವಾಗ ಎಣಿಕೆಗೆ ಬರುವುದಿಲ್ಲ.

ರೋಗಿಯ ಬಳಿ ಬಂದ ವೈದ್ಯ ಅವನ ಕಸುಬೇನೆಂದು ಕೇಳಬೇಕು ಎಂದು ಇಟಲಿಯ ರಮಾಜಿನಿ ಎಂಬ ವೈದ್ಯ 1700ರಲ್ಲೇ ಗ್ರಂಥ ಬರೆದಿದ್ದ. ಉಲ್ಹಾಸನಗರದಿಂದ ನವಿಮುಂಬಯಿವರೆಗಿನ ನಮ್ಮ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು ಎಲ್ಲ ನೋಡುತ್ತಾರೆ, ಕನ್ನಡಕವನ್ನೂ ಕೊಡುತ್ತಾರೆ. ಫಾರಮಿನಲ್ಲಿ ಹೆಸರು, ವಯಸ್ಸು, ವಿಳಾಸ, ದೂರವಾಣಿ ಇರುತ್ತದೆ. ಮುಂದಿನ ಶಿಬಿರಕ್ಕೆ ಮುದ್ರಿಸುವಾಗ ಇನ್ನು ಮೂರು ಸಾಲಿಗೆ ಜಾಗ ಬಿಡಬಹುದು: ಈಗಿನ ಮತ್ತು ಹಿಂದಿನ ಕೆಲಸ ಏನು, ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿದ್ದಾರೆಯೇ, ಊರಿನಲ್ಲಿ ಕುಡಿದದ್ದು ಯಾವ ನೀರು. ಬ್ಯಾಟರಿ, ಬೆಸುಗೆ, ಬಣ್ಣ, ಗುಜರಿ ಎಂದು ಬರೆದವರನ್ನೂ ಅವರ ಮಕ್ಕಳನ್ನೂ ಒಂದು ಕಡೆ ಕೂರಿಸಿ ರಕ್ತದ ಸೀಸಕ್ಕೆ ಚೀಟಿ ಕೊಟ್ಟರೆ ಶಿಬಿರದ ಖರ್ಚಿಗೆ ಸ್ವಲ್ಪ ಸೇರುತ್ತದೆ. ಆ ಖರ್ಚನ್ನು ವಹಿಸುವ ದಾನಿಗಳು ನಮ್ಮಲ್ಲಿ ಇಲ್ಲದಿಲ್ಲ.